ಎಂಟು ಸುತ್ತು

ಘಾಟ್ಕೋಪರ್‌ನಲ್ಲಿ ಹತ್ತಿದ ಲೋಕಲ್ಲು ಕುರ್ಲಾ ಬಿಡುವಷ್ಟರಲ್ಲಿ ಮಲಿಕಾಳಿಗೆ, ಇವತ್ತು ಹೇಳದಿದ್ದರೂ ನಡೆದೀತು ಅನ್ನಿಸತೊಡಗಿತ್ತು. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಮರದ ಬಿಲ್ಲೆ, ಅದರ ಮೇಲೆ ಅವಳ ಎರಡೂ ಕೈ. ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಕೂರಲು ಸಿಕ್ಕಿತ್ತು. ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಹೆಂಗಸು ಟವೆಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, ಚಪಾತಿ ಲಟ್ಟಿಸುವ ಮಣೆಯೇ ಎಂದು ಮರಾಠಿಯಲ್ಲಿ ಕೇಳಿದಳು. ಹೌದು ಅಂದಳು ಮಲಿಕಾ. ಎಲ್ಲಿ ಕೊಂಡೆ ಎಂದಾಗ ಭಾಂಡುಪ್ ಅಂದಳು. ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಬರುತ್ತದೆ, ಅದಕ್ಕೆ ಒಂದು ಊರಿನ ಹೆಸರನ್ನೂ ತಾನಾಗಿಯೇ ಸೇರಿಸಿಕೊಳ್ಳುತ್ತದೆ ಎಂದು ಅವಳಿಗೇ ಆಶ್ಚರ್ಯವಾಯಿತು. ಇಪ್ಪತ್ತಾರು ವರ್ಷದ ತಾನು, ಗುಲ್ಬರ್ಗಾದಲ್ಲಿ ಬಿಎಸ್ಸಿ ಮಾಡಿ ಬಂದು, ಕೊಲಾಬಾದ ತುದಿಯ ದೊಡ್ಡ ಸಂಸ್ಥೆಯಲ್ಲಿ ಎರಡು ವರ್ಷದಿಂದ ಪ್ರಯೋಗಶಾಲೆಯ ಸಹಾಯಕಿಯಾಗಿರುವ ತಾನು, ಐದು ತಿಂಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೇಳಿದ್ದಕ್ಕೆ ಸುಳ್ಳು ಹೇಳುವುದಕ್ಕಿಂತ, ಕೇಳದೆ ಇದ್ದದ್ದನ್ನು ಹೇಳದಿರುವುದು ಇನ್ನೂ ಸಲೀಸು. ಇವತ್ತು ನಾಲ್ಕು ಗಂಟೆಗೆ ಮೀಟಿಂಗು. ಪ್ರಯೋಗಶಾಲೆಯ ಮುಖ್ಯಸ್ಥ ಅಣವೀರಪ್ಪನವರು ತಮ್ಮ ಪ್ರಬಂಧ ಓದುತ್ತಾರೆ, ಸೋಮವಾರ ಅದು ಅಂಚೆಗೆ ಹೋಗುತ್ತದೆ. ಅದರಲ್ಲಿ ಒಂದು ಮರದ ಎಂಟು ವರ್ಷ ಇರುವುದಿಲ್ಲ. ಎಂಟು ವರ್ಷದ ಜಾಗದಲ್ಲಿ ಕೆಳಗೊಂದು ಟಿಪ್ಪಣಿ ಇರುತ್ತದೆ, ಸಹಾಯಕಿಯ ಕೈಯಲ್ಲಿ ಮಾದರಿಗಳು ಕೆಟ್ಟವು ಎಂದು. ಟೈಪಾದ ಆ ಹಾಳೆಯನ್ನು ಅವಳು ಅವರ ಮೇಜಿನ ಮೇಲೆಯೇ ಓದಿದ್ದಳು.

ಅದು ನಡೆದ ಮಧ್ಯಾಹ್ನ ಪ್ರಯೋಗಶಾಲೆಯ ನೆಲ ಒದ್ದೆಯಾಗಿತ್ತು. ಜೂನ್ ತಿಂಗಳ ಮೊದಲ ಮಳೆ, ಎಲ್ಲರ ಚಪ್ಪಲಿಯೂ ನೀರು ಹೊತ್ತು ತಂದಿತ್ತು. ಅವಳ ಎರಡೂ ಕೈಯಲ್ಲಿ ಒಂದೊಂದು ಮರದ ಸ್ಟ್ಯಾಂಡು, ಒಂದೊಂದರಲ್ಲೂ ಸಾಲಾಗಿ ಗಾಜಿನ ಕೊಳವೆಗಳು. ಎಡಗೈಯಲ್ಲಿದ್ದದ್ದು ಭಾಂಡುಪಿನ ಸಾಗವಾನಿ. ಅಲ್ಲಿ ಗುಡ್ಡ ಕಡಿದು ಕಾಲನಿ ಕಟ್ಟುವಾಗ ಈ ವರ್ಷ, ಎಪ್ಪತ್ನಾಲ್ಕರ ಫೆಬ್ರವರಿಯಲ್ಲಿ ಉರುಳಿಸಿದ ತೊಂಬತ್ತೆರಡು ವರ್ಷದ ಮರ. ಬಲಗೈಯಲ್ಲಿದ್ದದ್ದು ಗುಲ್ಬರ್ಗಾ ಕಡೆಯ ಒಣಭೂಮಿಯಿಂದ ತರಿಸಿದ ಬೇವು. ಮರ ವರ್ಷಕ್ಕೊಂದು ಸುತ್ತು ಬೆಳೆಯುತ್ತದೆ. ಒಂದೊಂದು ಸುತ್ತನ್ನೂ ಉಳಿಯಿಂದ ಬೇರೆಯಾಗಿ ಕೆತ್ತಿ, ಪುಡಿ ಮಾಡಿ, ಬಣ್ಣ ಅಂಟು ಎಲ್ಲ ಹೋಗುವ ತನಕ ಕುದಿಸಿ ತೊಳೆದರೆ ಕೊನೆಗೆ ಹತ್ತಿಯಂಥ ಬಿಳಿ ನಾರು ಉಳಿಯುತ್ತದೆ. ಅದನ್ನು ಸುಟ್ಟು ಬಂದ ಅನಿಲವನ್ನು ಯಂತ್ರಕ್ಕೆ ಕೊಟ್ಟರೆ, ಅದರೊಳಗಿನ ಇಂಗಾಲದಲ್ಲಿ ಹಗುರದ್ದೆಷ್ಟು ಭಾರದ್ದೆಷ್ಟು ಎಂದು ಯಂತ್ರ ತೋರಿಸುತ್ತದೆ. ಎರಡೂ ಇಂಗಾಲವೇ, ಒಂದರ ತೂಕ ಹನ್ನೆರಡು, ಇನ್ನೊಂದರದು ಹದಿಮೂರು, ಎಷ್ಟು ಕಾಲ ಕಳೆದರೂ ಎರಡೂ ಬದಲಾಗುವುದಿಲ್ಲ. ಮರ ಗಾಳಿಯಿಂದ ಯಾವ ವರ್ಷ ಯಾವುದನ್ನು ಎಷ್ಟು ತೆಗೆದುಕೊಂಡಿತೋ ಆ ವರ್ಷದ ಸುತ್ತಿನಲ್ಲಿ ಅದು ಹಾಗೆಯೇ ಕೂತಿರುತ್ತದೆ. ಇದನ್ನೆಲ್ಲ ಅವಳಿಗೆ ಕಲಿಸಿದವರು ಅಣವೀರಪ್ಪನವರೇ, ಆಳಂದದ ಕಡೆಯವರು. ಒಣಭೂಮಿಯ ಮರದಲ್ಲಿ ಭಾರದ ಇಂಗಾಲ ಯಾವಾಗಲೂ ಹೆಚ್ಚು ಎಂದೂ ಅವರೇ ಕಲಿಸಿದ್ದರು. ಕಾಲು ಜಾರಿತು. ಸ್ಟ್ಯಾಂಡುಗಳೆರಡೂ ಬಿದ್ದವು. ಒಂದು ಕೊಳವೆಯೂ ಒಡೆಯಲಿಲ್ಲ, ಅದೇ ಅವಳ ದುರದೃಷ್ಟ. ಒಡೆದಿದ್ದರೆ ಸದ್ದಿಗೆ ಯಾರಾದರೂ ಬರುತ್ತಿದ್ದರು. ಕೊಳವೆಗೆ ಸಿಕ್ಕಿಸಿದ್ದ ಪೆನ್ಸಿಲ್ಲಿನ ಚೀಟಿಗಳಲ್ಲಿ ಹಲವು ಉದುರಿದ್ದವು. ಮೊಣಕಾಲೂರಿ ಕೂತು, ಬಿಳಿ ನಾರಿನ ಎಂಟು ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿ, ಇದು ಸಾಗವಾನಿ, ಇದೂ ಸಾಗವಾನಿ ಎಂದು ಅಂದಾಜಿನ ಮೇಲೆ ಚೀಟಿ ಸಿಕ್ಕಿಸಿದಳು. ಎಲ್ಲ ಒಂದೇ ಬಿಳಿ. ಎದ್ದಾಗ ಸೀರೆಯ ನೆರಿಗೆ ಒದ್ದೆಯಾಗಿತ್ತು. ಯಾರೂ ನೋಡಿರಲಿಲ್ಲ.

ಆಗಸ್ಟಿನಲ್ಲಿ ಅಂಕಿಗಳು ಬಂದವು. ಸಾಗವಾನಿಯ ಗೆರೆ ಸಣ್ಣಸಣ್ಣ ಏರಿಳಿತದಲ್ಲಿ ಸಾಗಿ, ಸಾವಿರದ ಒಂಬೈನೂರಾ ನಲವತ್ಮೂರಕ್ಕೆ ಬಂದದ್ದೇ ತಡ, ಸಾವಿರಕ್ಕೆ ಎರಡರಷ್ಟು ಭಾರದ ಕಡೆಗೆ ಜಿಗಿದುಬಿಟ್ಟಿತ್ತು. ಎಂಟು ವರ್ಷ ಮೇಲೆಯೇ ಇದ್ದು ಆಮೇಲೆ ನಿಧಾನಕ್ಕೆ ಇಳಿದಿತ್ತು. ಅವಳು ಅಂದಾಜಿನ ಮೇಲೆ ಚೀಟಿ ಸಿಕ್ಕಿಸಿದ್ದ ಎಂಟು ಕೊಳವೆಗಳೂ ಅವೇ. ಅಣವೀರಪ್ಪನವರಿಗೆ ಬೇಕಾಗಿದ್ದದ್ದು ಮಳೆ. ಮಳೆಮಾಪಕವಿಲ್ಲದ ಕಾಲದ ಮಳೆಯನ್ನು ಮರದಿಂದ ಓದಬೇಕೆಂಬುದು ಅವರ ಹತ್ತು ವರ್ಷದ ಆಸೆ, ಮತ್ತು ಆ ಎಂಟು ವರ್ಷಕ್ಕೂ ಮಳೆಯ ದಾಖಲೆಗೂ ತಾಳೆಯೇ ಇರಲಿಲ್ಲ. ಮೀಟಿಂಗಿನಲ್ಲಿ ಹನ್ನೆರಡು ಜನರ ಎದುರು ಅವರು ಅವಳ ಕಡೆ ತಿರುಗಿ, ಅದೂ ಕನ್ನಡದಲ್ಲಿ, ಮನೆಯವರ ಹಾಗೆ ಮೆತ್ತಗೆ ಅಂದಿದ್ದರು: “ಊಟಾ ಮಾಡಿದ ಕೈ ಸ್ವಚ್ಛ ತೊಳಕೋಬೇಕಮ್ಮಾ. ಒಂದೀಟು ಜಿಡ್ಡು ಸಾಕು ಎಲ್ಲಾ ಕೆಡಸಲಿಕ್ಕೆ.” ಕನ್ನಡ ಬಾರದವರಿಗಾಗಿ ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು. ಯಾರೋ ಒಬ್ಬರ ಕಣ್ಣು ಬಾಗಿಲ ಬಳಿಯಿದ್ದ ಅವಳ ಊಟದ ಡಬ್ಬಿಯ ಮೇಲೆ ಹೋಗಿ ಬಂತು. ಆ ಡಬ್ಬಿಯಲ್ಲಿ ಅಂದು ಬರೀ ಚಪಾತಿ, ಬದನೆಕಾಯಿ ಇತ್ತೆಂಬುದನ್ನು ಅವಳು ಎಷ್ಟೋ ದಿನ ಮನಸ್ಸಿನಲ್ಲೇ ಅವರಿಗೆಲ್ಲ ಹೇಳಿದಳು. ಮಟನ್ ಇದ್ದಿದ್ದರೆ ತಾನೇ ಏನು ಎಂದೂ ಹೇಳಿದಳು. ಜಿಡ್ಡು ತಾಗಿದರೆ ಇಂಗಾಲ ಹಗುರವಾಗುತ್ತದೆ, ಭಾರವಾಗುವುದಿಲ್ಲ ಎಂದು ಪುಸ್ತಕದಲ್ಲಿ ಓದಿ ತಿಳಿದದ್ದು ಮರುದಿನ. ಆದರೆ ಹಾಗೆಂದು ಎದ್ದುನಿಂತು ಹೇಳುವ ಬಾಯಿ ಎಲ್ಲಿಂದ ತರಬೇಕು? ಜಿಡ್ಡಲ್ಲವಾದರೆ ಮತ್ತೇನು ಎಂದು ಕೇಳುತ್ತಾರೆ, ಆಗ ಸ್ಟ್ಯಾಂಡು ಬಿದ್ದದ್ದನ್ನು ಹೇಳಬೇಕಾಗುತ್ತದೆ, ಎಂಟು ಬೇವಿನ ಕೊಳವೆ ಸಾಗವಾನಿಯ ಜಾಗದಲ್ಲಿ ಕೂತಿವೆ ಎಂದು ಒಪ್ಪಬೇಕಾಗುತ್ತದೆ. ಮಾಡದ ತಪ್ಪಿನ ಅವಮಾನದ ಹಿಂದೆ ಮಾಡಿದ ತಪ್ಪು ಬಚ್ಚಿಟ್ಟುಕೊಂಡು ಕೂತಿತ್ತು. ಅವಳು ಕೈ ತೊಳೆದಳು. ದಿನಕ್ಕೆ ಹತ್ತು ಸಲ ತೊಳೆದು ಬೆರಳ ಸಂದಿಯ ಚರ್ಮ ಸುಲಿಯಿತು. ಅಷ್ಟು ತೊಳೆಯುವುದನ್ನು ನೋಡಿ ಅಣವೀರಪ್ಪನವರು ಮೆಚ್ಚಿಕೊಂಡರು.

ದಾದರ್ ಬಂತು, ಅರ್ಧ ಡಬ್ಬಿ ಇಳಿದು ಮತ್ತರ್ಧ ಹತ್ತಿತು. ಸ್ವೆಟರಿನ ಹೆಂಗಸು ಇಳಿಯುವಾಗ, ಮಣೆ ಒಡೆಯದ ಹಾಗೆ ಮೊದಲು ಎಣ್ಣೆ ಸವರು ಎಂದು ಹೇಳಿ ಹೋದಳು. ಮಲಿಕಾಗೆ ನಗು ಬಂತು, ಜೊತೆಗೆ ಅಬ್ಬಾನ ನೆನಪಾಯಿತು. ಚಾಂದಸಾಬ ಮೂವತ್ತು ವರ್ಷದಿಂದ ರೇ ರೋಡಿನ ಕಟ್ಟಿಗೆ ಅಡ್ಡೆಯಲ್ಲಿ ಗರಗಸ ಹಿಡಿದವನು. ಭಾಂಡುಪಿನ ಮರದಿಂದ ಸಂಸ್ಥೆಗೆ ಬಿಲ್ಲೆ ಕೊಯ್ದುಕೊಟ್ಟವನೂ ಅವನೇ. ಸೆಪ್ಟೆಂಬರಿನ ಒಂದು ಸಂಜೆ ಅವಳು ಚಾಳಿನ ಗ್ಯಾಲರಿಯಲ್ಲಿ ಕೂತು, ನಲವತ್ಮೂರರಿಂದ ಸುತ್ತುಗಳು ಇದ್ದಕ್ಕಿದ್ದಂತೆ ದಪ್ಪವಾಗಿರುವುದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವನು, ಪಕ್ಕದ ಮರ ಹೋದರೆ ಹೀಗಾಗುತ್ತದೆ, ಎಂದಷ್ಟೇ ಹೇಳಿ ಬೀಡಿ ಹಚ್ಚಿದ್ದ. ಅಕ್ಟೋಬರಿನ ಮೊದಲ ಭಾನುವಾರ ಇಬ್ಬರೂ ಭಾಂಡುಪಿಗೆ ಹೋದರು. ಗುಡ್ಡದ ಕಾವಲಿಗಿದ್ದ ಖಂಡಪ್ಪ ಜೇವರ್ಗಿ ಕಡೆಯವನು, ಊರಿನ ಮಾತು ಕೇಳಿದ್ದೇ ತಂತಿ ಸರಿಸಿ ಒಳಗೆ ಬಿಟ್ಟ. ದೊಡ್ಡ ಮರದ ಬುಡದ ಸುತ್ತ, ಅದರ ಜೊತೆಗೇ ಕಡಿದ ಸಣ್ಣ ಸಾಗವಾನಿಗಳ ಬುಡಗಳು. ಎರಡೆರಡು, ಮೂರುಮೂರು ಒಟ್ಟಿಗೆ ನಿಂತಿದ್ದವು, ಅವುಗಳ ಕೆಳಗೆ ಇನ್ನೂ ಹಳೆಯ, ಅಗಲವಾದ, ಮಣ್ಣು ಹಿಡಿದ ಮೋಟುಗಳಿದ್ದವು. ಫೆಬ್ರವರಿಯಲ್ಲಿ ಕಡಿದ ಒಂದೊಂದು ಬುಡದಿಂದಲೂ ಈ ಮಳೆಗೆ ಆಳೆತ್ತರದ ಚಿಗುರು ಎದ್ದು ಆನೆಕಿವಿಯಂಥ ಎಲೆ ಬಿಟ್ಟಿತ್ತು. ಅಬ್ಬಾ ಕುಕ್ಕರುಗಾಲಲ್ಲಿ ಕೂತು, ಉಗುರಿನಿಂದ ಒಂದು ಬುಡದ ಸುತ್ತು ಎಣಿಸಿದ. ಮೂವತ್ತೊಂದು. ಇನ್ನೊಂದು ಬುಡ, ಮೂವತ್ತೊಂದು. ಏಳನೆಯದಕ್ಕೂ ಮೂವತ್ತೊಂದೇ ಆದಾಗ ಅವನು ತಲೆಯೆತ್ತಿ ದಖ್ಖನಿಯಲ್ಲಿ, “ಯೇ ಸಬ್ ಏಕೀಚ್ ಉಮ್ರ್ ಕೆ,” ಅಂದ. ಎಲ್ಲ ಒಂದೇ ವಯಸ್ಸಿನವು. ಅಂದರೆ ನಲವತ್ಮೂರರ ಬೇಸಿಗೆಯಲ್ಲಿ ಯಾರೋ ಈ ಗುಡ್ಡವನ್ನೆಲ್ಲ ಒಮ್ಮೆಗೇ ಕಡಿದಿದ್ದರು, ಮತ್ತೆ ಆ ಮಳೆಗಾಲಕ್ಕೆ ಬುಡಗಳು ಹೀಗೆಯೇ ಚಿಗುರಿದ್ದವು. ದೊಡ್ಡ ಮರವೊಂದನ್ನು ಮಾತ್ರ, ಯಾವ ಕಾರಣಕ್ಕೋ, ಬಿಟ್ಟಿದ್ದರು. ಅರವತ್ತೊಂದು ವರ್ಷ ನೆರಳಲ್ಲಿ ಬೆಳೆದದ್ದು ಒಂದು ಬೆಳಗ್ಗೆ ಬಯಲಲ್ಲಿ ಒಂಟಿಯಾಗಿ ನಿಂತಿತ್ತು. ಮಲಿಕಾ ಅಲ್ಲಿಯೇ, ಆ ಮೋಟಿನ ಮೇಲೆ ಕೂತು, ಜೂನಿನಲ್ಲಿ ಸ್ಟ್ಯಾಂಡು ಬಿದ್ದದ್ದನ್ನು ಮೊದಲ ಸಲ ಒಬ್ಬರಿಗೆ ಹೇಳಿದಳು. ಸಂಸ್ಥೆಗೆ ಕೊಟ್ಟ ಬಿಲ್ಲೆಯ ಇನ್ನರ್ಧ ಎಲ್ಲಿದೆ ಎಂದು ಚಾಂದಸಾಬ ಕೇಳಿದ. ಸ್ಟೋರಿನಲ್ಲಿದೆ ಅಂದಳು. ಇದೆಯಲ್ಲ ಮತ್ತೆ, ಎಂದು ಎದ್ದು, ಚೀಲದಿಂದ ಕೈಗರಗಸ ತೆಗೆದು, ಮೂವತ್ತೊಂದು ಸುತ್ತಿನ ಒಂದು ಬುಡದಿಂದ ಎರಡು ಬೆರಳು ದಪ್ಪದ ಬಿಲ್ಲೆ ಕೊಯ್ದು ಅವಳ ಮಡಿಲಿಗೆ ಹಾಕಿದ.

ಅಂದಿನಿಂದ ಐದು ವಾರ ಅವಳು ಊಟದ ವಿರಾಮದಲ್ಲಿ ಊಟ ಮಾಡಿರಲಿಲ್ಲ. ಸ್ಟೋರಿನ ಅರ್ಧ ಬಿಲ್ಲೆಯಿಂದ, ಮರದ ಇನ್ನೊಂದು ಬದಿಯಿಂದ, ನಲವತ್ತರಿಂದ ಐವತ್ತೊಂದರ ತನಕ ಹನ್ನೆರಡು ಸುತ್ತು ಕೆತ್ತಿ, ಕುದಿಸಿ, ತೊಳೆದು, ಸುಟ್ಟು, ಪ್ರತಿಯೊಂದರ ಅನಿಲವನ್ನೂ ಎರಡೆರಡು ಗಾಜಿನ ಬುರುಡೆಗಳಲ್ಲಿ ತುಂಬಿ ಮುಚ್ಚಿಟ್ಟಿದ್ದಳು. ಈ ಸಲ ಒಂದು ಹೊತ್ತಿಗೆ ಒಂದೇ ಕೊಳವೆ ಬೆಂಚಿನ ಮೇಲಿತ್ತು. ಯಂತ್ರ ನೋಡಿಕೊಳ್ಳುವ ಅಣ್ಣು ಮಂಗಳೂರಿನವನು, ಇವತ್ತು ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ಯಂತ್ರ ಖಾಲಿ ಉಂಟು ಎಂದು ಒಪ್ಪಿಕೊಂಡಿದ್ದ. ಎಂಟಕ್ಕೆ ಸಂಸ್ಥೆ ತಲುಪಿದವಳು ಬಿಲ್ಲೆಯನ್ನು ಟವೆಲಿನ ಸಮೇತ ಸ್ಟೂಲಿನ ಮೇಲಿಟ್ಟು ಯಂತ್ರದ ಪಕ್ಕ ನಿಂತಳು. ಪಂಪುಗಳ ಗುಂಯ್ ಸದ್ದು ಪಾದದಿಂದ ಮೇಲೇರುತ್ತಿತ್ತು. ನಲವತ್ತು, ನಲವತ್ತೊಂದು, ನಲವತ್ತೆರಡು. ಕಾಗದದ ಮೇಲೆ ಗೆರೆ ಎಳೆಯುವ ಯಂತ್ರದ ಪೆನ್ನು ಕೆಳಗಿನ ಗೆರೆಯಲ್ಲಿಯೇ ಹೋಯಿತು. ನಲವತ್ಮೂರರ ಬುರುಡೆ ಸಿಕ್ಕಿಸುವಾಗ ಅವಳಿಗೆ, ಪೆನ್ನು ಅಲ್ಲಾಡದಿರಲಿ ಎಂಬ ಆಸೆಯೂ ತನ್ನೊಳಗೆ ಇದೆ ಎಂದು ಹೊಳೆದು ನಾಚಿಕೆಯಾಯಿತು. ಅಲ್ಲಾಡದಿದ್ದರೆ ತಪ್ಪು ತನ್ನದೇ ಎಂದು ಖಾತ್ರಿಯಾಗುತ್ತದೆ. ಎಂಟು ವರ್ಷ ಅಳಿಸಿಹೋಗುತ್ತವೆ, ಯಾರ ಎದುರೂ ಎದ್ದುನಿಲ್ಲಬೇಕಾಗಿಲ್ಲ, ಚಾಳಿಗೆ ಹೋಗಿ ಮಲಗಬಹುದು. ಅಣ್ಣು ಅವಳ ಮುಖ ನೋಡಿ, ಯಂತ್ರಕ್ಕೆ ನಿಮ್ಮ ಕಷ್ಟ ಎಂತ ಗೊತ್ತು, ಅದು ಇದ್ದದ್ದೇ ಹೇಳುವುದು ಅಂದ. ತಿರುಪು ತಿರುಗಿಸಿ ಅನಿಲ ಒಳಗೆ ಬಿಟ್ಟ. ಪೆನ್ನು ಒಂದು ಕ್ಷಣ ನಡುಗಿ, ಕಾಗದದ ಮೇಲೆ ಓರೆಯಾಗಿ ಏರತೊಡಗಿತು. ಏರಿತು, ಏರಿ ನಿಂತಿತು. ಅಣ್ಣು ಬೆರಳಿನಲ್ಲಿ ಚೌಕ ಎಣಿಸಿದ. “ಎರಡಕ್ಕೆ ಸ್ವಲ್ಪ ಕಮ್ಮಿ,” ಅಂದ. ನಲವತ್ನಾಲ್ಕೂ ಮೇಲೆ, ನಲವತ್ತೈದೂ ಮೇಲೆ. ಐವತ್ತೊಂದಕ್ಕೆ ಬಂದಾಗ ಇಳಿಯತೊಡಗಿತ್ತು. ಆಗಸ್ಟಿನ ಗೆರೆಯನ್ನು ಇದರ ಮೇಲಿಟ್ಟು ಬೆಳಕಿಗೆ ಹಿಡಿದರೆ ಎರಡೂ ಒಂದೇ ಗುಡ್ಡ. ಚೀಟಿಗಳು ಸರಿಯಾದ ಕೊಳವೆಗೇ ಹೋಗಿ ಕೂತಿದ್ದವು. ಎಂಟು ವರ್ಷವೂ ಮರದ್ದೇ.

ಅಣವೀರಪ್ಪನವರು ಕನ್ನಡಕ ಹಣೆಗೇರಿಸಿಕೊಂಡು ಪ್ರಬಂಧದ ಕಾಗುಣಿತ ತಿದ್ದುತ್ತಿದ್ದರು. ಅವಳು ಎರಡೂ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಬರುವಾಗ ಕಾರಿಡಾರಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಿದ್ದುಹೋಗಿ, ಕೊನೆಯಲ್ಲಿ ಹೇಳಬೇಕೆಂದಿದ್ದದ್ದೇ ಮೊದಲು ಬಂತು.

“ಸರ್, ಜೂನ್ದಾಗ ಎರಡೂ ಸ್ಟ್ಯಾಂಡ್ ನನ್ನ ಕೈಯಿಂದ ಬಿದ್ದಿದ್ದವು. ಎಂಟು ಚೀಟಿ ಅಂದಾಜಿನ ಮ್ಯಾಲ ಹಚ್ಚಿದ್ದೆ. ನಿಮಗ ಹೇಳಲಿಲ್ಲ.”

ಅವರು ತಲೆಯೆತ್ತಲಿಲ್ಲ. “ಐದು ತಿಂಗಳು ಸುಮ್ಮ ಕುಂತಿ.”

“ಹೌದ್ರಿ.”

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತ ಬೀಳುತ್ತ ಇತ್ತು. ಅವರು ಕೂಗಾಡಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಅವರು, ಹಾಗಾದರೆ ಹೊಸ ಗೆರೆಯನ್ನು ತಾನು ಯಾಕೆ ನಂಬಬೇಕು, ಕೈ ಅದೇ ಅಲ್ಲವೇ ಎಂದು ತಣ್ಣಗೆ ಕೇಳಿದರು. ಆಗ ಅವಳಿಗೆ, ಎಲ್ಲಿಂದಲೋ, ಸಿಟ್ಟು ಬಂತು. ಸಿಟ್ಟಿನಲ್ಲಿ ದನಿ ನಡುಗದೆ ಸಾಫಾಯಿತು. “ಜಿಡ್ಡು ಹತ್ತಿದ್ರ ಹಗುರ ಆಗ್ತದ ಸರ್. ಇದು ಭಾರ ಆಗ್ಯಾದ. ನಿಮಗ ಇದು ಗೊತ್ತಿತ್ತು.” ಅಣವೀರಪ್ಪನವರು ಕನ್ನಡಕ ಕಣ್ಣಿಗಿಳಿಸಿ ಅವಳನ್ನು ನೋಡಿದರು. ಗೊತ್ತಿತ್ತು ಎಂಬುದು ಅವರ ಮುಖದಲ್ಲಿ ಇತ್ತು, ಮರೆತಿದ್ದರು ಎಂಬುದೂ ಇತ್ತು. ಎದ್ದು ಯಂತ್ರದ ಕೋಣೆಗೆ ಬಂದರು. ಉಳಿದ ಹನ್ನೆರಡು ಬುರುಡೆಗಳಲ್ಲಿ ಆರನ್ನು ಆರಿಸಿಕೊಂಡು, ಅವಳಿಗೂ ಅಣ್ಣುವಿಗೂ ಬೆನ್ನು ಮಾಡಿ ಕಿಟಕಿಯ ಬಳಿ ನಿಂತು, ವರ್ಷದ ಚೀಟಿಗಳನ್ನು ಕಿತ್ತು, ಒಂದೊಂದರ ಬೆನ್ನಿಗೂ ಒಂದು ಅಕ್ಷರ ಬರೆದು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಹೊಸ ಚೀಟಿಗಳ ಮೇಲೆ ಅವೇ ಅಕ್ಷರ, ಕ, ಖ, ಗ, ಘ, ಚ, ಛ ಎಂದು ಬರೆದು ಅಂಟಿಸಿದರು. ಅವಳಿಗೆ ಹೊರಗೆ ಕೂರಲು ಹೇಳಿದರು.

ಕಾರಿಡಾರಿನ ಬೆಂಚಿನಲ್ಲಿ ಒಂದೂವರೆ ತಾಸು. ಎದುರಿನ ಕಿಟಕಿಯಲ್ಲಿ ಸಮುದ್ರ ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ನಡೆದುಹೋಗುತ್ತಿದ್ದವರು, ಇವಳೇಕೆ ಶಾಲೆಯಲ್ಲಿ ಹೊರಗೆ ಹಾಕಿದವಳ ಹಾಗೆ ಕೂತಿದ್ದಾಳೆ ಎಂದು ನೋಡಿ ಹೋದರು. ಗುಲ್ಬರ್ಗಾದ ಶಾಲೆಯಲ್ಲಿ ಒಮ್ಮೆ ಹಾಗೆ ಕೂತಿದ್ದಳು, ಕಾರಣ ನೆನಪಿಲ್ಲ, ಗೋಡೆಯ ಸುಣ್ಣದ ವಾಸನೆ ಮಾತ್ರ ನೆನಪಿದೆ. ನೋಡಲಿ, ಅನ್ನಿಸಿತು. ಹೇಳಿಯಾಗಿತ್ತು. ಹೇಳಿದ ಮೇಲೆ ಎದೆಯಲ್ಲಿ ಉಳಿದ ಜಾಗ ಎಷ್ಟು ದೊಡ್ಡದೆಂದರೆ, ಅದರಲ್ಲಿ ಏನಿಡಬೇಕೆಂದು ತಿಳಿಯದೆ ಅವಳಿಗೆ ವಿಪರೀತ ಹಸಿವಾಯಿತು. ಡಬ್ಬಿ ತೆಗೆದು, ಅಲ್ಲಿಯೇ, ಎಲ್ಲರೂ ನೋಡುವ ಹಾಗೆ, ಚಪಾತಿ ಮತ್ತು ಖೀಮಾ ಮುಗಿಸಿ ಬೆರಳು ನೆಕ್ಕಿದಳು. ಬಾಗಿಲು ತೆರೆದಾಗ ಕೈ ಇನ್ನೂ ತೊಳೆದಿರಲಿಲ್ಲ. ಅಣವೀರಪ್ಪನವರು ಒಂದು ಕೈಯಲ್ಲಿ ಉದ್ದನೆಯ ಹಾಳೆ, ಇನ್ನೊಂದರಲ್ಲಿ ಜೇಬಿನ ಚೀಟಿಗಳನ್ನು ಹಿಡಿದು ಬಂದು, ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತರು.

“ಖ, ಗ, ಛ ಮೂರೂ ಮ್ಯಾಲ. ನಲವತ್ಮೂರು, ನಲವತ್ತಾರು, ನಲವತ್ತೆಂಟು,” ಎಂದು ಚೀಟಿಗಳನ್ನು ಒಂದೊಂದಾಗಿ ಬೆಂಚಿನ ಮೇಲಿಟ್ಟರು. ಆಮೇಲೆ ಅವಳ ಬೆರಳುಗಳನ್ನು ನೋಡಿದರು. “ನಿನ್ನ ಕೈ ಸ್ವಚ್ಛ ಅದಾವ, ಮಲಿಕಾ.”

ಯಾಕೆ ಹೀಗಾಯಿತು ಎಂಬುದು ಮಾತ್ರ ಅವರಿಗೆ ಇನ್ನೂ ತಿಳಿದಿರಲಿಲ್ಲ. ಅವಳು ಒಳಗಿನ ಸ್ಟೂಲಿನಿಂದ ಟವೆಲು ತಂದು ಬಿಚ್ಚಿ ಮೂವತ್ತೊಂದು ಸುತ್ತಿನ ಬಿಲ್ಲೆ ತೋರಿಸಿ, ಭಾಂಡುಪಿನ ಗುಡ್ಡದ ಬುಡಗಳ ಬಗ್ಗೆ ಹೇಳಿದಳು. ಅವರು ತಾವೇ ಸುತ್ತು ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಇದನ್ನು ಯಾರು ಕಂಡುಹಿಡಿದದ್ದು ಎಂದು ಕೇಳಿದಾಗ ಅಬ್ಬಾ ಅಂದಳು. ಅವರು ತಮ್ಮ ಕೋಣೆಗೆ ಹೋಗಿ ಜೀಪಿನ ಡ್ರೈವರನನ್ನು ಕರೆಸಿದರು. ಹೀಗೆ, ಅದುವರೆಗೆ ದೊಡ್ಡ ವಿಜ್ಞಾನಿಗಳನ್ನು ವಿಮಾನ ನಿಲ್ದಾಣದಿಂದ ತರಲು ಮಾತ್ರ ಹೋಗುತ್ತಿದ್ದ ಸಂಸ್ಥೆಯ ಜೀಪು ಅಂದು ಮಧ್ಯಾಹ್ನ ರೇ ರೋಡಿನ ಕಟ್ಟಿಗೆ ಅಡ್ಡೆಗೆ ಹೋಗಿ, ಹುಬ್ಬಿನ ಮೇಲೆ ಗರಗಸದ ಪುಡಿಯಿದ್ದ ಚಾಂದಸಾಬನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂತು. ಮಗಳಿಗೆ ಏನೋ ಅಪಘಾತವಾಗಿದೆ ಎಂದೇ ಅವನು ದಾರಿಯುದ್ದಕ್ಕೂ ಅಂದುಕೊಂಡಿದ್ದನಂತೆ. ಮೆಟ್ಟಿಲ ಮೇಲೆ ಅವಳು ನಿಂತಿರುವುದನ್ನು ಕಂಡು ಸಿಟ್ಟಾದ, ಆಮೇಲೆ ವಿಷಯ ಕೇಳಿ ಅಂಗಿಯ ಪುಡಿ ಕೊಡವಿಕೊಂಡ.

ನಾಲ್ಕು ಗಂಟೆಗೆ ಅಣವೀರಪ್ಪನವರು ಎದ್ದು, ಪ್ರಬಂಧ ಓದುವುದಿಲ್ಲ ಎಂದರು. ಆಗಸ್ಟಿನಲ್ಲಿ ಇದೇ ಕೋಣೆಯಲ್ಲಿ ತಮ್ಮ ಸಹಾಯಕಿಯ ಕೈಯ ಬಗ್ಗೆ ತಾವೊಂದು ಮಾತು ಹೇಳಿದ್ದುಂಟು, ಅದು ತಪ್ಪು, ರಸಾಯನಶಾಸ್ತ್ರದ ಪ್ರಕಾರವೂ ತಪ್ಪು ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತರು. ಚಾಂದಸಾಬ ಮೊದಲು ಮಾತಾಡಿದ, ಹಿಂದಿಯಲ್ಲಿ, ಅಡ್ಡೆಯಲ್ಲಿ ಗಿರಾಕಿಗೆ ಕಟ್ಟಿಗೆ ತೋರಿಸುವ ಹಾಗೆ. ಕಡಿದ ಸಾಗವಾನಿ ಸಾಯುವುದಿಲ್ಲ, ಮುಂದಿನ ಮಳೆಗೇ ಬುಡದಿಂದ ಏಳುತ್ತದೆ, ಎಲ್ಲ ಬುಡದ ವಯಸ್ಸೂ ಒಂದೇ ಆದರೆ ಕಡಿದ ವರ್ಷವೂ ಒಂದೇ. ಹಿಂದಿನ ಸಾಲಿನ ಒಬ್ಬರು ಕೈಗೆ ಬಿಲ್ಲೆ ತೆಗೆದುಕೊಂಡು ಎಣಿಸತೊಡಗಿದಾಗ, ಮಧ್ಯದಿಂದ ಎಣಿಸಿ ಸಾಹೇಬರೆ, ಎಂದ. ಆಮೇಲೆ ಮಲಿಕಾ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಗುಡ್ಡದಂಥ ಆ ಗೆರೆ ಬರೆದಳು. ಅವಳ ಇಂಗ್ಲಿಷು ಒಂದೆರಡು ಕಡೆ ತಡವರಿಸಿತು, ಅವಳು ನಿಂತು, ಬೇರೆ ಮಾತು ಹುಡುಕಿ ಮುಂದೆ ಹೋದಳು. ನೆರಳಿನಲ್ಲಿ ಎಲೆಗೆ ಅವಸರವಿಲ್ಲ. ಅದರ ಸಣ್ಣ ಬಾಯಿಗಳು ತೆರೆದಿರುತ್ತವೆ, ಒಳಗೆ ಗಾಳಿ ಧಾರಾಳ, ಹಗುರದ್ದನ್ನು ಆರಿಸಿಕೊಂಡು ಭಾರದ್ದನ್ನು ಬಿಡುತ್ತದೆ. ಬಯಲಿನ ಬಿಸಿಲಿಗೆ ಬಿದ್ದರೆ ಕೆಲಸ ಜೋರಾಗುತ್ತದೆ, ಒಣಗಾಳಿಗೆ ಬಾಯಿ ಅರ್ಧ ಮುಚ್ಚಿಕೊಳ್ಳುತ್ತದೆ, ಒಳಗೆ ಬಂದಷ್ಟರಲ್ಲಿ ಭಾರದ್ದನ್ನೂ ತೆಗೆದುಕೊಳ್ಳದೆ ವಿಧಿಯಿಲ್ಲ. ಪಕ್ಕದ ಬುಡಗಳು ಚಿಗುರಿ ಮೇಲೆದ್ದು ಮತ್ತೆ ನೆರಳಾಗುವ ತನಕ ಎಂಟು ವರ್ಷ ಆ ಮರ ಹಾಗೆ ಬದುಕಿತು.

ಮುಂದಿನ ಸಾಲಿನಲ್ಲಿದ್ದ ಹಿರಿಯ ರಸಾಯನಶಾಸ್ತ್ರಜ್ಞರೊಬ್ಬರು, ಬರಗಾಲದಲ್ಲೂ ಎಲೆ ಬಾಯಿ ಮುಚ್ಚುತ್ತದಲ್ಲ, ಇದು ಬರವಾಗಿರಬಾರದೇಕೆ ಎಂದು ಕೇಳಿದರು. ಉತ್ತರಕ್ಕಾಗಿ ಎಲ್ಲರೂ ಅಣವೀರಪ್ಪನವರ ಕಡೆ ತಿರುಗಿದರು. ಅವರು ಕೈಯಿಂದ ಹಲಗೆಯ ಕಡೆ ತೋರಿಸಿದರು. ಬರದಲ್ಲಿ ಸುತ್ತು ಸಣ್ಣದಾಗುತ್ತದೆ ಅಂದಳು ಮಲಿಕಾ. ಇಲ್ಲಿ ಇಂಗಾಲ ಭಾರವಾದ ವರ್ಷವೇ ಸುತ್ತು ಎರಡು ಪಟ್ಟು ದಪ್ಪವಾಗಿದೆ. ಮರ ಸೊರಗಲಿಲ್ಲ, ಬೆಳೆಯಿತು. ನಾವು ಮಳೆ ಹುಡುಕುತ್ತಿದ್ದೆವು, ಮರ ತನ್ನ ಮೈಯ ಸುದ್ದಿ ಬರೆದಿಟ್ಟಿದೆ. ಹಿರಿಯರು ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಇನ್ನೂ ಏಳು ಪ್ರಶ್ನೆ ಬಂದವು. ಆರಕ್ಕೆ ಉತ್ತರ ಹೇಳಿದಳು. ಏಳನೆಯದು ತನಗೆ ಗೊತ್ತಿಲ್ಲ ಅಂದಳು, ಗೊತ್ತಿಲ್ಲ ಎನ್ನುವಾಗ ದನಿ ಅಷ್ಟೇ ನೇರವಾಗಿತ್ತು. ಸಭೆ ಮುಗಿದಾಗ ಅಣವೀರಪ್ಪನವರು ಪ್ರಬಂಧದ ಮೊದಲ ಹಾಳೆಯಲ್ಲಿ ತಮ್ಮ ಹೆಸರಿನ ಪಕ್ಕ ಪೆನ್ನು ಹಿಡಿದು, ಹೆಸರು ಪೂರ್ತಿ ಹೇಗೆ ಬರೆಯಬೇಕು ಎಂದು ಕೇಳಿದರು. ಮಲಿಕಾ ಚಾಂದಸಾಬ, ಎಂದು ಒಂದೊಂದೇ ಅಕ್ಷರ ಹೇಳಿದಳು. ಮೊದಲು ಅವಳ ಹೆಸರು ಬರೆದು, ತಮ್ಮದಕ್ಕೆ ಬಾಣದ ಗುರುತು ಹಾಕಿ ಅದರ ಕೆಳಗೆ ತಂದರು. ಅಬ್ಬಾಗೆ ಇಂಗ್ಲಿಷು ಓದಲು ಬರುವುದಿಲ್ಲ. ಅವನು ಬಗ್ಗಿ ಆ ಎರಡನೇ ಪದವನ್ನು ಬಹಳ ಹೊತ್ತು ನೋಡಿದ.

ವಿ.ಟಿ.ಗೆ ಹೋಗುವ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಇಬ್ಬರೂ ಮೇಲೆ ಹತ್ತಿ ಎಲ್ಲಕ್ಕೂ ಮುಂದಿನ ಸೀಟಿನಲ್ಲಿ ಕೂತರು. ಸಂಜೆಯ ಬಿಸಿಲು ಅಂಗಡಿಗಳ ಬೋರ್ಡುಗಳ ಮೇಲೆ ಬಿದ್ದಿತ್ತು. ಚಾಂದಸಾಬ ಅಡ್ಡೆಯ ಮಾಲಿಕನಿಗೆ ನಾಳೆ ಏನು ಹೇಳಬೇಕೆಂದು ಯೋಚಿಸುತ್ತ, ಜೀಪು ಬಂದಾಗ ಅವನ ಮುಖ ಹೇಗಾಗಿತ್ತೆಂದು ಹೇಳಿ ಒಬ್ಬನೇ ನಕ್ಕ. ಮಲಿಕಾಳ ತಲೆಯೊಳಗೆ ಜೂನಿನಿಂದ ಎಡೆಬಿಡದೆ ನಡೆದಿದ್ದ ಮಾತುಕತೆ ಎಲ್ಲಿಯೋ ನಿಂತುಹೋಗಿತ್ತು, ಯಾವಾಗ ನಿಂತಿತೆಂದು ಅವಳಿಗೆ ತಿಳಿಯಲಿಲ್ಲ. ರಸ್ತೆಯ ಮೇಲೆ ಬಾಗಿದ್ದ ದೊಡ್ಡ ಆಲದ ಕೊಂಬೆಯೊಂದು ಬಸ್ಸಿನ ಮಾಡಿಗೆ ತಾಗಿ, ಕಿಟಕಿಯೊಳಗೆ ಹಸಿರು ಎಲೆಗಳ ರಾಶಿಯೇ ನುಗ್ಗಿ ಬಂತು. ಅಬ್ಬಾ ತಲೆ ಬಗ್ಗಿಸಿದ. ಅವಳು ಬಗ್ಗಿಸಲಿಲ್ಲ. ಎಲೆಗಳು ತಣ್ಣಗೆ ಅವಳ ಮುಖ, ಭುಜ, ಚಾಚಿದ ಅಂಗೈಯ ಮೇಲೆ ಸರಸರನೆ ಹಾದುಹೋದವು.